ನಲವತ್ತೊಂದನೇ ಕಡಗ

ಬೆವರಿಗೆ ಬಾಯಿ ಬಂದರೆ ಅದು ಏನು ಹೇಳೀತು ಎಂದು ಧಾರವಾಡದ ಒಂದು ಪ್ರಯೋಗಾಲಯದಲ್ಲಿ ಕೂತು ಯಾರೋ ಪುಣ್ಯಾತ್ಮರು ಯೋಚಿಸಿದರು. ಯೋಚಿಸಿದ್ದು ಕೈಗೂಡಲು ಹದಿನೇಳು ವರ್ಷ ಹಿಡಿಯಿತು. ಕೈಗೂಡಿದ ಮೇಲೆ ಅದು ತಿಕೋಟಾ ದಾಟಿ ಆರು ಮೈಲಿ ಆಚೆಗಿರುವ ಬೇವಿನಾಳಕ್ಕೂ ಬಂತು, ದ್ರಾಕ್ಷಿ ತೋಟದಲ್ಲಿ ದುಡಿಯುವ ಹೆಂಗಸರ ಮುಂಗೈ ಮೇಲೆ ಕಡಗವಾಗಿ ಕೂತಿತು.

ನೋಡಲು ಅಂಥ ಚಂದವೇನಲ್ಲ. ಬೂದು ಬಣ್ಣ, ಒಳಮೈಗೆ ಬೆವರು ಹೀರುವ ಮೆತ್ತನೆಯ ಪಟ್ಟಿ, ಮೇಲೆ ಕಡಲೆಕಾಳಿನಷ್ಟು ದೀಪ. ದೀಪ ಹಸಿರಿದ್ದರೆ ಕೆಲಸ ಮಾಡಬಹುದು. ಹಳದಿಯಾದರೆ ತೋಟದಿಂದ ಹೊರಬಂದು ಮೈಕೈ ತೊಳೆದು ನೆರಳಿಗೆ ಕೂರಬೇಕು, ಕೆಂಪಾದರೆ ಸೀದಾ ಮನೆಗೆ ಹೋಗಬೇಕು. ಕೆಂಪಾದವಳಿಗೆ ಹತ್ತು ದಿನ ಕೂಲಿಸಮೇತ ರಜೆ ಕೊಡಬೇಕೆಂದು ಕಾಯ್ದೆಯೂ ಆಯಿತು. ಮಾಲೀಕರು ಗೊಣಗಿದರು, ಆಮೇಲೆ ಸುಮ್ಮನಾದರು. ಕಡಗವಿಲ್ಲದ ಕೈ ಮುಟ್ಟಿದ ದ್ರಾಕ್ಷಿ ನಮಗೆ ಬೇಡ ಎಂದು ಹೊರದೇಶದ ವ್ಯಾಪಾರಿಗಳು ಪಟ್ಟು ಹಿಡಿದಿದ್ದರು.

ಬೇವಿನಾಳದ ಕಡಗಗಳ ಉಸ್ತುವಾರಿ ಇಂದ್ರಾಬಾಯಿಯದು. ಇಪ್ಪತ್ತೆರಡು ವರ್ಷ ಅದೇ ಊರಲ್ಲಿ ನರ್ಸಾಗಿ ದುಡಿದವಳು. ಊರ ಹೆಂಗಸರ ಬಾಯಲ್ಲಿ ಬಾಯಾರು. ಅವಳು ಮೊದಲು ಸೂಜಿ ಚುಚ್ಚುತ್ತಿದ್ದ ಕೋಣೆಯಲ್ಲೇ ಈಗ ಗೋಡೆಯಗಲದ ಪರದೆ ಇತ್ತು. ಅದರ ಮೇಲೆ ಆರು ಟೋಳಿಗಳ ಎಪ್ಪತ್ತೆರಡು ಹೆಂಗಸರು ಎಪ್ಪತ್ತೆರಡು ಹಸಿರು ಚುಕ್ಕಿಗಳಾಗಿ ಮಿಣುಕುತ್ತಿದ್ದರು. ಟೋಳಿ ಅಂದರೆ ಹನ್ನೆರಡು ಹೆಂಗಸರು ಕೂಡಿ ದುಡಿಯುವ ತಂಡ.

ಕಡಗ ಬರುವ ಮುಂಚಿನ ದಿನಗಳನ್ನು ಇಂದ್ರಾಬಾಯಿ ಕಣ್ಣಾರೆ ಕಂಡಿದ್ದಳು. ಬೆಳಗ್ಗೆ ಡ್ರೋನು ಬಂದು ಬಳ್ಳಿಗೆ ಎಣ್ಣಿ ಹೊಡೆದು ಹೋಗುತ್ತಿತ್ತು. ಕೀಟನಾಶಕಕ್ಕೆ ಅಲ್ಲಿಯವರು ಎಣ್ಣಿ ಅನ್ನುತ್ತಾರೆ. ಅದು ಆರುವ ಮುಂಚೆಯೇ ಹೆಂಗಸರು ಚಪ್ಪರದ ಕೆಳಗೆ ನುಗ್ಗಿ, ತಲೆ ಮೇಲೆತ್ತಿ, ಗೊಂಚಲು ಬಿಡಿಸಲು ನಿಲ್ಲುತ್ತಿದ್ದರು. ಹಸಿ ಎಲೆ ಮುಖಕ್ಕೆ ಸವರುತ್ತಿತ್ತು, ಹನಿ ಕಣ್ಣಿಗೇ ಬೀಳುತ್ತಿತ್ತು. ಒಂದೇ ಹಂಗಾಮಿನಲ್ಲಿ ಇಬ್ಬರು ಅವಳ ಕೈಯಲ್ಲೇ ಪ್ರಾಣ ಬಿಟ್ಟರು. ಹಾಗಾಗಿ ಕಡಗ ಬಂದಾಗ ಅವಳಷ್ಟು ಹಿಗ್ಗಿದವರು ಊರಲ್ಲಿ ಇನ್ನೊಬ್ಬರಿಲ್ಲ.

ಕಡಗದ ಕೆಲಸವನ್ನು ಅವಳಿಗೆ ಮೂರು ದಿನ ಕೂರಿಸಿ ಕಲಿಸಿದ್ದರು. ನಮ್ಮ ನರ ಸ್ನಾಯುವಿಗೆ ‘ಬಿಗಿ ಹಿಡಿ’ ಎಂದು ಹೇಳಿಕಳಿಸುತ್ತದೆ. ಹಿಡಿದದ್ದು ಸಾಕಾದ ಮೇಲೆ ಆ ಸುದ್ದಿಯನ್ನು ಅಳಿಸಿಹಾಕಲು ಮೈಯಲ್ಲೊಂದು ಕಿಣ್ವವಿದೆ. ಎಣ್ಣಿ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಅಳಿಸುವವರಿಲ್ಲದೆ ನರ ಒದರಿದ್ದೇ ಒದರಿದ್ದು. ಕಣ್ಣಪಾಪೆ ಸಾಸಿವೆಕಾಳಿನಷ್ಟಾಗುತ್ತದೆ, ಜೊಲ್ಲು ಸುರಿಯುತ್ತದೆ, ಎದೆ ಗೊರಗೊರ ಅನ್ನುತ್ತದೆ, ಕಡೆಗೆ ಉಸಿರಾಡಿಸುವ ಸ್ನಾಯುವೇ ಸೋತು ಕೂರುತ್ತದೆ. ಕಡಗ ಬೆವರಿನಲ್ಲಿ ಆ ಕಿಣ್ವದ ಸುಳಿವು ಹಿಡಿದು ಎಷ್ಟು ಉಳಿದಿದೆ ಎಂದು ಅಳೆಯುತ್ತದೆ.

ಆದರೆ ಒಂದು ತೊಡಕಿತ್ತು. ಕಿಣ್ವ ಎಲ್ಲರಲ್ಲೂ ಒಂದೇ ಸಮ ಇರುವುದಿಲ್ಲ. ಗಟ್ಟಿಮುಟ್ಟಾಗಿರುವ ಇಬ್ಬರಲ್ಲೇ ಒಬ್ಬಳದು ಇನ್ನೊಬ್ಬಳ ಅರ್ಧದಷ್ಟಿರಬಹುದು. ಅದಕ್ಕೇ ಪ್ರತಿವರ್ಷ ಎಣ್ಣಿ ಹೊಡೆಯುವ ಮುಂಚಿನ ಹದಿನೈದು ದಿನ ಕಡಗ ತನ್ನ ಒಡತಿಯ ಮೈಯನ್ನು ಕಲಿಯುತ್ತದೆ. ಇವಳ ಆರೋಗ್ಯದ ಮಟ್ಟ ಇಷ್ಟು ಎಂದು ಗುರುತು ಹಾಕಿಕೊಂಡು, ಮುಂದೆ ಅದಕ್ಕಿಂತ ಎಷ್ಟು ಇಳಿಯಿತು ಎಂದು ನೋಡುತ್ತದೆ. ಕಡಗ ಅದಲುಬದಲಾದರೆ ಆ ಟೋಳಿಗೇ ಹಂಗಾಮು ಪೂರ್ತಿ ಕೆಲಸವಿಲ್ಲ ಎಂದು ಕಡಗದ ಕಂಪನಿಯವರು ಎಲ್ಲರ ಹೆಬ್ಬೆರಳು ಒತ್ತಿಸಿಕೊಂಡಿದ್ದರು.

ಹೆಬ್ಬೆರಳು ಒತ್ತಿಸಿಕೊಂಡವರಿಗೆ ಟೋಳಿಯ ರೀತಿ ಗೊತ್ತಿರಲಿಲ್ಲ. ಅಲ್ಲಿ ತಲೆತಲಾಂತರದಿಂದ ಮುಯ್ಯಿ ನಡೆದುಬಂದಿತ್ತು. ಇಂದು ನನ್ನ ಸಾಲಿಗೆ ನೀನು, ನಾಳೆ ನಿನ್ನ ಸಾಲಿಗೆ ನಾನು. ಒಬ್ಬಳು ಕಾಯಿಲೆ ಬಿದ್ದರೆ, ಬಾಣಂತನಕ್ಕೆ ಹೋದರೆ, ಅವಳ ಮನೆಯಿಂದಲೇ ಇನ್ನೊಬ್ಬಳು ಬಂದು ಆ ಸಾಲಿನಲ್ಲಿ ನಿಲ್ಲಬೇಕು. ಮಾತು ಕೊಟ್ಟ ಮನೆ ಸಾಲು ಖಾಲಿ ಬಿಟ್ಟರೆ ನಾಲ್ಕು ಜನ ನಗುತ್ತಾರೆ. ಕಾಯ್ದೆಗೆ ಆಳು ಅಂದರೆ ಒಂದು ಮೈ. ಟೋಳಿಗೆ ಆಳು ಅಂದರೆ ಒಂದು ಮನೆ. ತೋಟದ ಬಾಗಿಲು ಕಡಗದ ಗುರುತು ಹಿಡಿದೇ ಒಳಗೆ ಬಿಡುತ್ತಿದ್ದುದರಿಂದ, ಬದಲಿಗೆ ಬಂದವಳು ಮನೆಯವಳ ಕಡಗವನ್ನೇ ತೊಟ್ಟು ಬರುತ್ತಿದ್ದಳು. ಇದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಇಂದ್ರಾಬಾಯಿಗೂ ಇದು ಗೊತ್ತಿತ್ತು. ಹಾಜರಿಯ ಮಾತಲ್ಲವೇ, ಹೋಗಲಿ ಬಿಡು ಎಂದು ಕಂಡೂ ಕಾಣದಂತೆ ಇದ್ದಳು.

ನಾಲ್ಕು ಹಂಗಾಮು ಒಂದು ಜೀವಕ್ಕೂ ಕುಂದು ಬರಲಿಲ್ಲ. ನಿಜ ಹೇಳಬೇಕೆಂದರೆ ಕೇಡು ಶುರುವಾದದ್ದು ಆ ನೆಮ್ಮದಿಯಲ್ಲೇ. ಮೊದಲು ಬಾಯಿಗೆ ಬಟ್ಟೆ ಕಟ್ಟುತ್ತಿದ್ದವರು ಸೆಕೆ ಎಂದು ಬಿಚ್ಚಿದರು. ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯುತ್ತಿದ್ದವರು ಸೆರಗಿಗೆ ಒರೆಸಿಕೊಂಡು ರೊಟ್ಟಿ ಮುರಿದರು. ‘ಹಸರ ಐತಿ ಬಿಡ’ ಎನ್ನುವುದು ಊರಿನ ಮಾತೇ ಆಗಿಹೋಯಿತು. ಮಗಳ ಮದುವೆ ಕೂಡಿಬಂತೇ ಎಂದು ಕೇಳಿದರೂ ಹಸರ ಐತಿ ಅನ್ನುತ್ತಿದ್ದರು. ಮೊದಲು ವಾರಕ್ಕೊಮ್ಮೆ ಒಬ್ಬೊಬ್ಬರನ್ನೂ ಕೂರಿಸಿ ಬ್ಯಾಟರಿ ಬಿಟ್ಟು ಕಣ್ಣಪಾಪೆ ನೋಡುತ್ತಿದ್ದ ಇಂದ್ರಾಬಾಯಿಯೂ ಅದನ್ನು ಕೈಬಿಟ್ಟಳು. ಪರದೆ ನೋಡಿದರಾಯಿತಲ್ಲ!

ನಲವತ್ತೊಂದನೇ ಕಡಗ ದಾನವ್ವನದು. ದಾನವ್ವ ಇಂದ್ರಾಬಾಯಿಯ ನೆರೆಮನೆಯವಳು, ಒಂದೇ ಗೋಡೆಯ ಆಚೆ ಈಚೆ ಇಬ್ಬರ ಒಲೆ. ಅವಳ ಎರಡೂ ಹೆರಿಗೆ ಮಾಡಿಸಿದ್ದು ಇಂದ್ರಾಬಾಯಿ. ಇಂದ್ರಾಬಾಯಿಯ ಗಂಡ ತೀರಿಕೊಂಡ ವರ್ಷ ಅವಳು ಅನ್ನ ನೀರು ಬಿಟ್ಟು ಕೂತಾಗ, ದಿನಾ ಸಂಜೆ ಬಂದು ಬಿಸಿ ರೊಟ್ಟಿ ಬಾಯಿಗಿಟ್ಟು ಬೈದು ತಿನ್ನಿಸಿದವಳು ದಾನವ್ವ. ಇಬ್ಬರೂ ಒಬ್ಬರಿಗೊಬ್ಬರು ಬೇ ಅನ್ನುವಷ್ಟು ಸಲಿಗೆ.

ಐದನೆಯ ವರ್ಷ, ನವರಾತ್ರಿಯ ಹೊತ್ತಿಗೆ, ಕಡಗಗಳು ಕಲಿಯುವ ದಿನಗಳು ಶುರುವಾಗಿದ್ದವು. ದಾನವ್ವನ ಮಗಳಿಗೆ ಅಥಣಿಯಲ್ಲಿ ದಿನ ತುಂಬುವ ಮುಂಚೆಯೇ ಹೆರಿಗೆಯಾಯಿತು. ದಾನವ್ವ ಉಟ್ಟ ಸೀರೆಯಲ್ಲೇ ಹೊರಟಳು. ಹೊರಡುವಾಗ ಕಡಗ ಬಿಚ್ಚಿ ನೆಗೆಣ್ಣಿ ಕಸ್ತೂರಿಯ ಕೈಗೆ ಹಾಕಿದಳು. ನೆಗೆಣ್ಣಿ ಅಂದರೆ ಮೈದುನನ ಹೆಂಡತಿ; ತೆಳ್ಳಗಿನ, ಮಾತು ಕಮ್ಮಿಯ ಹೆಣ್ಣು. ಒಂಬತ್ತು ದಿನ ಕಸ್ತೂರಿ ಆ ಸಾಲಿನಲ್ಲಿ ದುಡಿದಳು. ಹತ್ತನೆಯ ದಿನ ದಾನವ್ವ ಬಂದು ಕಡಗ ತೊಟ್ಟು ಮೊಮ್ಮಗನ ಸುದ್ದಿ ಹೇಳುತ್ತ ತೋಟಕ್ಕೆ ಹೋದಳು.

ಮರುದಿನ ಧಾರವಾಡದಿಂದ ಪ್ರಸನ್ನ ಪರದೆಯ ಮೇಲೆ ಮುಖ ತೋರಿಸಿದ. ಕಡಗದ ಲೆಕ್ಕಾಚಾರ ನೋಡುವ ಎಂಜಿನಿಯರು ಅವನು, ಮರ್ಯಾದಸ್ಥ. ನಲವತ್ತೊಂದರ ಗೆರೆ ಒಂಬತ್ತು ದಿನ ಕೆಳಗಿದ್ದದ್ದು ಒಮ್ಮೆಲೇ ಮೆಟ್ಟಿಲು ಹತ್ತಿದ ಹಾಗೆ ಮೇಲೇರಿದೆ, ಯಂತ್ರ ಕಲಿತದ್ದನ್ನು ಬಿಟ್ಟು ಹೊಸದಾಗಿ ಕಲಿಯಲೇ ಎಂದು ಕೇಳುತ್ತಿದೆ, ಏನಾದರೂ ಕಾರಣವಿದೆಯೇ ಮೇಡಂ ಎಂದು ಕೇಳಿದ.

ಇಂದ್ರಾಬಾಯಿಗೆ ಕಾರಣ ಗೊತ್ತಿತ್ತು. ಬಾಯಿ ಬಿಟ್ಟರೆ ಹನ್ನೆರಡು ಮನೆಯ ಕೆಲಸ ಹೋಗುತ್ತದೆ ಎಂಬುದೂ ಗೊತ್ತಿತ್ತು. ನಾಲಿಗೆಯ ಮೇಲೆ ಆ ಹೊತ್ತಿಗೆ ಯಾವ ದೇವರು ಕೂತಿದ್ದನೋ, ಥಟ್ಟನೆ ಹೇಳಿಬಿಟ್ಟಳು: “ಆಕಿ ನವರಾತ್ರಿ ಉಪಾಸ ಇದ್ದಳ್ರಿ ಸರ್. ನಿನ್ನೆ ಬಿಟ್ಟಾಳ. ಉಂಡ ಮ್ಯಾಲ ಏರಿರಬೇಕು.”

ಪ್ರಸನ್ನನಿಗೆ ಅದು ಬಹಳ ಹಿಡಿಸಿತು. ಊರಿನ ಅನುಭವ ಇದ್ದವರು ಹೇಳಬೇಕು ನೋಡಿ ಇಂಥವನ್ನೆಲ್ಲ ಎಂದು ಅವಳನ್ನು ಹೊಗಳಿ, ಬರೆದುಕೊಂಡು, ಹೋದ. ಕಡಗ ಹಳೆಯ ಗುರುತನ್ನೇ ಹಿಡಿದುಕೊಂಡಿತು. ಮೂರು ದಿನ ಕೂತು ಕಲಿತ ಪಾಠ ಇಂದ್ರಾಬಾಯಿಗೆ ಮರೆತಿರಲಿಲ್ಲ. ಆದರೆ ಆ ಪಾಠಕ್ಕೂ ದಾನವ್ವನಿಗೂ ಸಂಬಂಧವಿದೆ ಎಂದು ಹೊಳೆಯಲಿಲ್ಲ. ಆ ಸಂಜೆ ಅವಳು ತನ್ನ ಜಾಣತನಕ್ಕೆ ತಾನೇ ನಕ್ಕು, ಗೋಡೆಯಾಚೆಯ ದಾನವ್ವನಿಗೂ ಹೇಳದೆ, ಉಂಡು ಮಲಗಿದಳು.

ಜನವರಿಯಲ್ಲಿ ಗೊಂಚಲುಗಳಿಗೆ ಹಿಟ್ಟು ತಿಗಣೆ ಬಿತ್ತು. ಅದಕ್ಕೆ ಬಲವಾದ ಎಣ್ಣಿಯೇ ಬೇಕು. ವಾರಕ್ಕೆರಡು ಸಲ ಡ್ರೋನು ಹಾರಿತು. ಪರದೆಯ ಮೇಲೆ ಅಲ್ಲೊಂದು ಇಲ್ಲೊಂದು ಚುಕ್ಕಿ ಹಳದಿಯಾಯಿತು, ನಾಲ್ಕು ಕೆಂಪಾದವು. ಕೆಂಪಾದವರು ಮನೆಯಲ್ಲಿ ಕೂತು ಶ್ಯಾವಿಗೆ ಹೊಸೆದರು. ನಲವತ್ತೊಂದು ಹಸಿರಾಗಿಯೇ ಇತ್ತು. ದಾನವ್ವನದು ಗಟ್ಟಿ ಮೈ ಎಂದು ಟೋಳಿಯವರು ಚೇಷ್ಟೆ ಮಾಡಿದರು.

ಒಂದು ಸಂಜೆ ದಾನವ್ವ ಇಂದ್ರಾಬಾಯಿಯ ಅಡುಗೆಮನೆಗೆ ಬಂದು ಗೋಡೆಗೆ ಒರಗಿ ಕೂತಳು. ಎರಡು ದಿನದಿಂದ ಕಣ್ಣು ಮಂಜಾಗಿದೆ, ಸೂಜಿಗೆ ದಾರ ಹೋಗುವುದಿಲ್ಲ, ಬಾಯಲ್ಲಿ ಸುಮ್ಮಸುಮ್ಮನೆ ನೀರೂರುತ್ತದೆ, ತೊಡೆಯೊಳಗೆ ಇರುವೆ ಹರಿದ ಹಾಗಾಗುತ್ತದೆ ಎಂದಳು. ಇಂದ್ರಾಬಾಯಿ ರೊಟ್ಟಿ ಬಡಿಯುತ್ತಿದ್ದವಳು ತಿರುಗಿ, ಹಿಟ್ಟಿನ ಕೈಯಲ್ಲೇ ಗೆಳತಿಯ ಮಣಿಕಟ್ಟು ಎತ್ತಿ ನೋಡಿದಳು. ದೀಪ ಹಸಿರು.

“ಏನೂ ಆಗಿಲ್ಲ ತಗಿಬೇ. ಐವತ್ತು ದಾಟಿದ ಮ್ಯಾಲ ಚಾಳೀಸು ಬರೂದು. ಬರೂ ವಾರ ತಿಕೋಟಾಕ್ಕ ಕಣ್ಣಿನ ಡಾಕ್ಟ್ರು ಬರ್ತಾರ, ಹೋಗಿ ಬರೂಣು.”

ದಾನವ್ವ ನೀನು ಅಂದ ಮೇಲೆ ಆಯಿತು ಬಿಡು ಎಂದು ಗೋಡೆ ಹಿಡಿದು ಎದ್ದು ಹೋದಳು. ಗೋಡೆ ಹಿಡಿದು ಎದ್ದಳು ಎನ್ನುವುದನ್ನು ಇಂದ್ರಾಬಾಯಿ ಆಗ ಗಮನಿಸಲಿಲ್ಲ. ಆಮೇಲೆ ಜನ್ಮವಿಡೀ ಗಮನಿಸಿದಳು.

ಮರುದಿನ ಹನ್ನೊಂದು ಗಂಟೆಗೆ ಟೋಳಿಯ ಮುಂದಾಳು ಸುಗಲಾಬಾಯಿಯ ಫೋನು ಬಂತು. ದಾನವ್ವ ಸಾಲಿನಲ್ಲೇ ಕುಸಿದಿದ್ದಾಳೆ, ಬಾಯಲ್ಲಿ ನೊರೆ ಬರುತ್ತಿದೆ. ಇಂದ್ರಾಬಾಯಿ ಪರದೆ ನೋಡಿದಳು. ಎಲ್ಲ ಹಸಿರು, ನಲವತ್ತೊಂದೂ ಹಸಿರು. ಬಿಸಿಲು ಹೊಡೆದಿರಬೇಕು ಎಂದುಕೊಳ್ಳುತ್ತಲೇ ಓಡಿದಳು. ಚಪ್ಪರದ ಕೆಳಗೆ ಮಣ್ಣಿನ ಮೇಲೆ ಮಲಗಿದ್ದವಳ ರೆಪ್ಪೆ ಬಿಡಿಸಿ ನೋಡಿದಳು. ಪಾಪೆ ಸಾಸಿವೆಕಾಳು. ಎದೆ ಗೊರಗೊರ. ಅವಳಿಗೆ ಇನ್ನೇನೂ ಬೇಕಾಗಲಿಲ್ಲ. ಕುಪ್ಪಸ ಹರಿದು, ಎಣ್ಣಿ ಮೆತ್ತಿದ ಸೀರೆ ಬಿಚ್ಚಿಸಿ, ಕೊಡಗಟ್ಟಲೆ ನೀರು ಸುರಿಸಿ, ಪೆಟ್ಟಿಗೆಯಲ್ಲಿದ್ದ, ಎಣ್ಣಿಯ ವಿಷ ಇಳಿಸುವ ಅಟ್ರೋಪಿನ್ ಚುಚ್ಚಿದಳು. ಆಂಬುಲೆನ್ಸಿನಲ್ಲಿ ವಿಜಯಪುರ ಮುಟ್ಟುವವರೆಗೆ ಚುಚ್ಚುತ್ತಲೇ ಇದ್ದಳು. ಮಣಿಕಟ್ಟಿನ ಮೇಲೆ ಆ ದರಿದ್ರ ದೀಪ ದಾರಿಯುದ್ದಕ್ಕೂ ಹಸಿರಾಗಿ ಉರಿಯಿತು.

ಆಸ್ಪತ್ರೆಯ ವರಾಂಡದಲ್ಲಿ ಕಸ್ತೂರಿ ಕಂಬಕ್ಕೆ ಒರಗಿ ನಿಂತಿದ್ದಳು. ಮಾತು ಕಮ್ಮಿಯ ಆ ಹೆಣ್ಣು ಹತ್ತಿರ ಬಂದು ಮೆಲ್ಲಗೆ ಕೇಳಿದಳು: “ಬಾಯಾರ, ಆ ಒಂಬತ್ತು ದಿನ ಅದು ನನ್ನ ಮೈಯಿ ಕಲತಿತ್ತೇನ್ರಿ?”

ಇಂದ್ರಾಬಾಯಿಗೆ ಆಗ ಹೊಳೆಯಿತು. ಕಸ್ತೂರಿಯ ಕಿಣ್ವ ಹುಟ್ಟಾ ಕಡಿಮೆ. ಕಡಗ ಅದನ್ನೇ ದಾನವ್ವನ ಆರೋಗ್ಯ ಎಂದು ತಿಳಿದಿತ್ತು. ದಾನವ್ವನ ಮೈ ಅರ್ಧಕ್ಕರ್ಧ ಖಾಲಿಯಾದಾಗಲೂ ಕಸ್ತೂರಿಯ ಅಳತೆಗೆ ಅದು ಭರ್ತಿಯಾಗಿಯೇ ಕಂಡಿತು. ಕೊಡದ ಅಳತೆಯಲ್ಲಿ ಕಾಳು ತುಂಬುವ ಹಗೇವು ಅಳೆದರೆ ಆಗುವುದು ಇಷ್ಟೇ. ಕಸ್ತೂರಿಗೆ ಹೌದೆಂದಳು. ಅದರ ಮುಂದಿನ ಮಾತು, ಪ್ರಸನ್ನ ಕೇಳಿದ್ದು, ತಾನು ಹೇಳಿದ್ದು, ಮುಚ್ಚಿಟ್ಟಳು.

ಸುದ್ದಿ ಊರಿಗೆ ಬಂತು, ಬಂದದ್ದು ಕಸ್ತೂರಿಯ ಮೇಲೆ ಬಿತ್ತು. ಅವಳ ಮೈಯೇ ಸರಿ ಇಲ್ಲವಂತೆ, ತನ್ನ ಕೇಡನ್ನು ಕಡಗಕ್ಕೆ ಅಂಟಿಸಿದಳಂತೆ ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡರು. ದಾನವ್ವನ ಗಂಡ ತಮ್ಮನ ಮನೆಯ ನಡುವಿನ ಬಾಗಿಲಿಗೆ ಚಿಲಕ ಹಾಕಿದ. ಕಸ್ತೂರಿ ಆಸ್ಪತ್ರೆಗೆ ಕಟ್ಟಿ ತಂದ ಬುತ್ತಿಯನ್ನು ಯಾರೂ ಬಿಚ್ಚಲಿಲ್ಲ. ಇಂದ್ರಾಬಾಯಿ ಇದನ್ನೆಲ್ಲ ನೋಡುತ್ತ ತೆಪ್ಪಗಿದ್ದಳು. ವರದಿಯಲ್ಲಿ ‘ಕಡಗದ ದೋಷವಿರಬಹುದು’ ಎಂದು ಬರೆದಳು. ಟೋಳಿಯನ್ನು ಉಳಿಸಲು ಹೀಗೆ ಬರೆದೆ ಎಂದು ಮನಸ್ಸಿಗೆ ಹೇಳಿಕೊಂಡಳು. ಮನಸ್ಸು ಅಷ್ಟೊಂದು ಪೆದ್ದಲ್ಲ.

ಒಂಬತ್ತನೆಯ ದಿನ ಪ್ರಸನ್ನ ಮತ್ತೆ ಪರದೆಗೆ ಬಂದ. ಕಡಗವನ್ನು ಬಿಚ್ಚಿ ಪರೀಕ್ಷಿಸಿದ್ದೇವೆ, ಕೂದಲೆಳೆಯಷ್ಟೂ ದೋಷವಿಲ್ಲ, ನವರಾತ್ರಿ ನಿಯಮದ ಪ್ರಕಾರವೂ ಎಲ್ಲ ಸರಿಯಾಗಿದೆ ಎಂದ. ಯಾವ ನಿಯಮ ಎಂದು ಇಂದ್ರಾಬಾಯಿ ಕೇಳಿದಳು.

“ನೀವ ಹೇಳಿದ್ರಲ್ಲ ಮೇಡಂ. ಆ ದಿವಸದಾಗ ಗೆರಿ ಒಮ್ಮೆಲೆ ಏರಿದ್ರ ಉಪಾಸ ಬಿಟ್ಟಾರ ಅಂತ ತಿಳಕೊಂಡು, ಹೊಸದಾಗಿ ಕಲೀಬ್ಯಾಡ ಅಂತ ಯಂತ್ರಕ್ಕ ಹೇಳೇವಿ. ಮೂರು ಜಿಲ್ಲಾಕ್ಕ ಹಾಕೇವಿ.”

ಮೂರು ಜಿಲ್ಲೆ. ಮುಯ್ಯಿ ಬೇವಿನಾಳದಲ್ಲಿ ಮಾತ್ರ ಇದೆಯೇ? ಆ ದಿನಗಳಲ್ಲಿ ಎಷ್ಟು ಮನೆಯ ಹೆಂಗಸರು ಎಷ್ಟು ಜನರ ಕಡಗ ತೊಟ್ಟಿದ್ದರೋ! ಇಂದ್ರಾಬಾಯಿ, ಉಪವಾಸ ಸುಳ್ಳು, ಬದಲಿ ಆಳು ನಿಜ, ತನಗೆ ಆ ದಿನವೇ ಗೊತ್ತಿತ್ತು ಎಂದು ಒಂದೇ ಉಸಿರಿಗೆ ಹೇಳಿದಳು. ಪ್ರಸನ್ನ ಬೈಯಲಿಲ್ಲ. ಪಕ್ಕಕ್ಕೆ ತಿರುಗಿ ಕೀಲಿಮಣೆ ಒತ್ತಿ ನಿಯಮ ತೆಗೆದುಹಾಕಿದ. ಯಂತ್ರ ಕಲಿಕೆಯ ಕಡೆಯ ದಿನಗಳ ಗೆರೆ ಹಿಡಿದು ಎಲ್ಲರ ಮಟ್ಟವನ್ನೂ ಹೊಸದಾಗಿ ಲೆಕ್ಕ ಹಾಕಿತು.

ನಾಲ್ಕು ನಿಮಿಷ ಹಿಡಿಯಿತು. ಆಮೇಲೆ ಮೂರು ಜಿಲ್ಲೆಗಳ ನಕ್ಷೆಯ ಮೇಲೆ ಅಲ್ಲಲ್ಲಿ ಹಸಿರು ಚುಕ್ಕಿಗಳು ಕೆಂಪಾದವು. ಒಟ್ಟು ಒಂಬತ್ತು. ಇಬ್ಬರೂ ಎರಡು ಕಡೆಯಿಂದ ಫೋನಿಗೆ ಬಿದ್ದರು. ಒಬ್ಬಳು ಆಗಷ್ಟೇ ಚಪ್ಪರದೊಳಗೆ ಕಾಲಿಟ್ಟಿದ್ದಳು. ಒಬ್ಬಳು ತಲೆಸುತ್ತು ಎಂದು ಬದುವಿನ ಮೇಲೆ ಕೂತಿದ್ದಳು. ಸಂಜೆ ಐದರೊಳಗೆ ಒಂಬತ್ತೂ ಜನರನ್ನು ತೋಟದಿಂದ ಹೊರಗೆ ತಂದರು, ಮೂವರನ್ನು ಆಸ್ಪತ್ರೆಗೆ ಸೇರಿಸಿದರು, ಎಲ್ಲರೂ ಉಳಿದರು.

ಪ್ರಸನ್ನ ಕನ್ನಡಕ ತೆಗೆದು ಕಣ್ಣೊತ್ತಿಕೊಂಡ. ತಾನಾದರೂ ಒಂದು ಸಲ ಬಂದು ಆ ಹೆಂಗಸಿನ ಮುಖ ನೋಡಬೇಕಿತ್ತು ಎಂದ. ಇಂದ್ರಾಬಾಯಿ ಆ ಮುಖವನ್ನು ದಿನಾ ನೋಡುತ್ತಿದ್ದವಳು.

ಅವಳ ಕೆಲಸ ಹೋಯಿತು. ಟೋಳಿಗೂ ಆ ಹಂಗಾಮು ತೋಟದ ಬಾಗಿಲು ಮುಚ್ಚಿತು. ಅದೂ ಕಸ್ತೂರಿಯ ಲೆಕ್ಕಕ್ಕೇ ಹೋಯಿತು, ಯಾಕೆಂದರೆ ಇಂದ್ರಾಬಾಯಿಯ ಸುಳ್ಳಿನ ಸಂಗತಿ ಕಂಪನಿಯ ಕಾಗದದಲ್ಲಿ ಇತ್ತೇ ಹೊರತು ಊರಿನ ಕಿವಿಗೆ ಬಿದ್ದಿರಲಿಲ್ಲ.

ದಾನವ್ವ ಇಪ್ಪತ್ತೆರಡು ದಿನಕ್ಕೆ ಮನೆಗೆ ಬಂದಳು. ಜೀವ ಉಳಿದಿತ್ತು. ಆದರೆ ಕೆಲವು ಎಣ್ಣಿಗಳು ಹೋಗುವಾಗ ನರಗಳನ್ನು ತಿಂದು ಹೋಗುತ್ತವೆ. ಪಾದ ನೆಲದ ಮೇಲೆ ಎಳೆಯುತ್ತಿತ್ತು, ಬೆರಳುಗಳು ಲೋಟ ಹಿಡಿಯುತ್ತಿರಲಿಲ್ಲ. ವರ್ಷಗಳು ಹಿಡಿಯಬಹುದು, ಪೂರ್ತಿ ಬಾರದೆಯೂ ಇರಬಹುದು ಎಂದು ಡಾಕ್ಟರು ಹೇಳಿ ಕಳಿಸಿದ್ದರು.

ಇಂದ್ರಾಬಾಯಿ ಎರಡು ದಿನ ಬಾಗಿಲವರೆಗೆ ಹೋಗಿ ಹಿಂದಿರುಗಿದಳು. ಮೂರನೆಯ ದಿನ ಮಧ್ಯಾಹ್ನ ಒಳಗೆ ಹೋದಳು. ದಾನವ್ವ ಗೋಡೆಗೆ ದಿಂಬು ಕೊಟ್ಟು ಕೂತಿದ್ದಳು. ಇವಳನ್ನು ಕಂಡದ್ದೇ ಮುಖ ಅರಳಿಸಿ, ನೀನು ಅಲ್ಲಿಲ್ಲದಿದ್ದರೆ ನಾನು ಎಂದೋ ಹೋಗಿರುತ್ತಿದ್ದೆ ಎಂದು ಎಲ್ಲರೂ ಹೇಳುತ್ತಾರೆ ಎಂದಳು. ಆ ಮಾತು ಇಂದ್ರಾಬಾಯಿಗೆ ಚಾಟಿಯೇಟಿನಂತೆ ತಗುಲಿತು. ನೆಲದ ಮೇಲೆ ಕೂತು, ತಲೆ ತಗ್ಗಿಸಿ, ಪ್ರಸನ್ನ ಕೇಳಿದ್ದು, ತಾನು ಉಪವಾಸದ ಸುಳ್ಳು ಕಟ್ಟಿದ್ದು, ಅಂದೇ ನಿಜ ಹೇಳಿದ್ದರೆ ಕಡಗ ಹೊಸದಾಗಿ ಕಲಿತು ಜನವರಿಯಲ್ಲೇ ಕೆಂಪಾಗುತ್ತಿದ್ದದ್ದು, ಇಷ್ಟು ದಿನ ಕಸ್ತೂರಿಯ ತಲೆಗೆ ಕಟ್ಟಿ ಸುಮ್ಮನಿದ್ದದ್ದು, ಒಂದನ್ನೂ ಬಿಡದೆ ಹೇಳಿದಳು. ಟೋಳಿಗಾಗಿ ಎಂಬ ಮಾತು ಬಾಯಿಗೆ ಬಂತು, ನುಂಗಿಕೊಂಡಳು.

ದಾನವ್ವ ತನ್ನ ಕೈಗಳನ್ನು ನೋಡಿಕೊಂಡಳು.

“ಸುಳ್ಳ ಹೇಳಿದ್ದು ಹೋಗ್ಲಿ ಬಿಡು, ನಮಗಾಗೇ ಹೇಳಿದಿ,” ಎಂದಳು. “ಆ ಸಂಜಿಮುಂದ ನಾ ನಿನಗ ಕಣ್ಣ ತೋರಸಾಕ ಬಂದಿದ್ದೆ, ಇಂದ್ರಾ. ನೀ ನನ್ನ ಕೈ ನೋಡಿ ಕಳಿಸಿದಿ.”

ಇಂದ್ರಾಬಾಯಿಯ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳುವ ಧೈರ್ಯವೂ ಆಗಲಿಲ್ಲ.

ದಾನವ್ವ ಗಂಡನನ್ನು ಕರೆದು ನಡುವಿನ ಬಾಗಿಲಿನ ಚಿಲಕ ತೆಗೆಯಲು ಹೇಳಿದಳು. ಅವನು ಹಿಂದೆಮುಂದೆ ನೋಡಿದ. ದಾನವ್ವ ಇನ್ನೊಮ್ಮೆ ಹೇಳಿದಳು. ಚಿಲಕ ತೆಗೆದ ಮೇಲೆ ಕಸ್ತೂರಿಯ ಹೆಸರು ಹಿಡಿದು ಕೂಗಿದಳು. ಕಸ್ತೂರಿ ಬಂದು ಹೊಸ್ತಿಲಾಚೆಯೇ ನಿಂತಳು, ಒಳಗೆ ಬರಲೋ ಬೇಡವೋ ತಿಳಿಯದೆ.

“ಹಸಿವ್ಯಾಗೈತಿ, ತಂಗಿ,” ಎಂದಳು ದಾನವ್ವ. “ರೊಟ್ಟಿ ತಂದು ನಿನ್ನ ಕೈಲೆ ಮುರದು ಉಣಸು ಬಾ.”

ಕಸ್ತೂರಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ತಟ್ಟೆಯ ಸದ್ದು ಕೇಳಿಸಿತು. ಇಂದ್ರಾಬಾಯಿ ನೀರಿನ ತಂಬಿಗೆಗೆ ಕೈ ಚಾಚಿದಳು, ಕುಡಿಸಲೆಂದು. ದಾನವ್ವ ಬೇಡವೆಂದು ತಲೆಯಾಡಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇ ಎನ್ನುವ ಸಲಿಗೆಯೂ ಇರಲಿಲ್ಲ.

“ಆಕಿ ಕುಡಸ್ತಾಳ್ರಿ ಬಾಯಾರ. ನೀವು ಮನಿಗೆ ನಡೀರಿ.”